ಮುಚ್ಚಳ

ಗಡಿಯಾರ ಕಂಬ ದಾಟಿ ಮೂರನೇ ಅಂಗಡಿ,
ವಿರಾಜಪೇಟೆಯಲ್ಲಿ ಇನಾಸ ಮಾಮನ ಸ್ಟುಡಿಯೋ.
ನನಗಾಗ ಹದಿನಾರು. ನನ್ನ ಕೆಲಸ
ಹೈಪೋ ನೀರು ಬದಲಿಸುವುದು, ಮಳೆಗಾಲದಲ್ಲಿ
ಪ್ಲೇಟುಗಳ ಬೂಷ್ಟು ಒರೆಸುವುದು,
ಪರದೆಯ ರಾಜನ ಮೂಗಿನಿಂದ ಜೇಡ ಬಿಡಿಸುವುದು.

ರಾಜ ಯಾವ ದೇಶದವನೋ.
ತೋಟದ ದೊರೆಸಾನಿ ಹಡಗು ಹತ್ತುವ ಮುಂಚೆ
ಕೊಟ್ಟುಹೋದ ಬಿಸ್ಕತ್ತಿನ ಡಬ್ಬಿ; ಅದರ ಮುಚ್ಚಳ ನೋಡಿ
ತಲಚೇರಿಯ ನಾಟಕದ ಪೇಂಟರ್ ಕುಂಞಂಬು
ಹನ್ನೊಂದು ದಿನ, ದಿನಕ್ಕೊಂದು ಬಾಟಲಿಯಂತೆ,
ಬರೆದುಕೊಟ್ಟ ದರ್ಬಾರು:
ಕುತ್ತಿಗೆಗೆ ತಟ್ಟೆ ಕಟ್ಟಿಕೊಂಡ ಹಾಗೆ ಲೇಸಿನ ಪಟ್ಟಿ,
ಹಿಂದೆ ದೀಪದ ಗೊಂಚಲು, ಕಾಲ ಬಳಿ ನಾಯಿ.
ನಾಯಿ ಮಾತ್ರ ನಮ್ಮ ಮಾರ್ಕೆಟ್ಟಿನದು,
ಒಂದು ಕಿವಿ ಹರಿದದ್ದು.

ನಮ್ಮ ಅರಸ ಗಡಿ ದಾಟಿ ಎಷ್ಟೋ ವರ್ಷದ ಮೇಲೆ
ಕೊಡಗಿಗೆ ಕ್ಯಾಮೆರಾ ಬಂತು ಎನ್ನುತ್ತಿದ್ದ ಮಾಮ.
ಹಾಗಾಗಿ ಈ ಪರದೇಶಿಯೇ ಎಲ್ಲರಿಗೂ ರಾಜ:
ಕುಪ್ಯಚೇಲೆಯ ಮದುಮಗ, ಸೊಂಟದಲ್ಲಿ ಪೀಚೆಕತ್ತಿ,
ಪಲ್ಟನ್ನಿನಿಂದ ರಜೆಗೆ ಬಂದವರು,
ಇಗರ್ಜಿಯಿಂದ ನೇರ ಬಂದ ಬಿಳಿ ಫ್ರಾಕಿನ ಹುಡುಗಿಯರು,
ಯಾರ ಹೆಗಲ ಹಿಂದೆ ನೋಡಿದರೂ ಅವನು,
ಅವನ ಹರಿದ ಕಿವಿಯ ನಾಯಿ.

ಡಬ್ಬಿಯ ಪಕ್ಕಗಳನ್ನು ಪೇಂಟರ್ ಬಿಟ್ಟಿದ್ದ.
ಅಲ್ಲಿ ಬೇರೆ ಜನ.
ಕಮಾನು ಮಾಡಿನ ಗಾಡಿಗಳು, ಪಿಟೀಲು, ಸರಪಳಿಯ ಕರಡಿ,
ಮಗುವನ್ನು ಬೆನ್ನಿಗೆ ಬಿಗಿದು ನಡೆಯುವ ಹೆಂಗಸು.
ಡಬ್ಬಿಯ ಬೆಸುಗೆಯಲ್ಲಿ ಮೊದಲ ಕುದುರೆಯ ಮೂತಿ
ಕೊನೆಯ ಗಾಡಿಗೆ ತಾಗುತ್ತದೆ.
ಹೊರಟಲ್ಲಿಗೇ ಬರಬೇಕು. ಮೇಲೆ ಹತ್ತುವಂತಿಲ್ಲ,
ಮುಚ್ಚಳದ ಅಂಚು ಅಷ್ಟು ಚೂಪು.

ಜಿಪ್ಸಿಗಳು, ಎಂದಿದ್ದಳಂತೆ ದೊರೆಸಾನಿ.
ಒಂದು ರಾಜ್ಯದಲ್ಲಿ ಕಿವಿ ಕೊಯ್ದು ಅಟ್ಟಿದರಂತೆ,
ಪಕ್ಕದ ರಾಜ್ಯದಲ್ಲಿ ದೊರೆಯೇ ಕರೆಸಿ ಪಿಟೀಲು ಕೇಳಿದನಂತೆ.
ನೀರಿಗೆ ಪಾನಿ ಅನ್ನುತ್ತಾರೆ, ನಿಮ್ಮ ಕಡೆಯವರ ಹಾಗೇ.
ಮಾಮ ನಕ್ಕಿದ್ದ: ನಮ್ಮ ಕಡೆ ನೀರು, ವೆಳ್ಳಂ, ಉದಕ;
ಪಾನಿ ಯಾರದು?

ಆ ವರ್ಷ ಕಣದಲ್ಲಿ ಕಾಫಿ ಒಣಗುವಾಗ
ಸಂತೆಮಾಳದಲ್ಲಿ ಹಕ್ಕಿಪಿಕ್ಕಿಗಳ ಏಳು ಟೆಂಟು.
ಯಾರ ಮನೆಯದೋ ತಾಮ್ರದ ಹಂಡೆ ಕಾಣಲಿಲ್ಲ.
(ಬೇಸಿಗೆಯಲ್ಲಿ ಅವರದೇ ಬಾವಿಯ ತಳದಲ್ಲಿ ಸಿಕ್ಕಿತು.)
ಠಾಣೆಯಿಂದ ಚೀಟಿ: ಎಲ್ಲರದ್ದೂ ಬೇಕು,
ಎದುರಿನದೊಂದು, ಪಕ್ಕದ್ದೊಂದು,
ಹಿಂದೆ ಬಿಳಿ ಬಟ್ಟೆ, ಎದೆಗೆ ನಂಬರಿನ ಸ್ಲೇಟು.
ದುಡ್ಡು ಆಮೇಲೆ.
ಆ ಆಮೇಲೆ ಇನ್ನೂ ಬಂದಿಲ್ಲ.

ಸ್ಲೇಟಿಗೆ ಬರೆದವಳು ನಾನು.
ಒಂಬತ್ತನೆಯವಳು ನನ್ನ ವಯಸ್ಸಿನವಳು, ಹೆಸರು ಹೈಕೋರ್ಟು.
ಅವಳು ಹುಟ್ಟಿದ ದಿನ ಅಪ್ಪ ಅಲ್ಲಿನ ಮೆಟ್ಟಿಲ ಮೇಲಿದ್ದನಂತೆ.
ಪೇದೆ ನಕ್ಕ.
ನಿಮ್ಮ ಸಾಹೇಬರೂ ಟೋಪಿ ತೆಗೆಯುವ ಹೆಸರು, ಎಂದಳು.

ಕೊನೆಗೆ ಒಂದು ಪ್ಲೇಟು ಉಳಿಯಿತು.
ಮಾಮ ಬಿಳಿ ಬಟ್ಟೆ ಸರಿಸಿ ದರ್ಬಾರಿನ ಹಗ್ಗ ಬಿಚ್ಚಿದ:
ಇದು ನನ್ನ ಲೆಕ್ಕದ್ದು, ನಿಲ್ಲಮ್ಮ.
ಅವಳು ರಾಜನನ್ನು ನೋಡಿದಳು, ಮೇಲಿಂದ ಕೆಳಗೆ,
ಸಂತೆಯಲ್ಲಿ ಕೋಳಿಗೆ ಬೆಲೆ ಕಟ್ಟುವ ಹಾಗೆ. ಬಿಟ್ಟಳು.
ಮೇಜಿನ ಮೇಲಿನ ಡಬ್ಬಿಗೆ ಕೈ ಹಾಕಿದಳು.
ಒಳಗಿನ ಗುಂಡುಸೂಜಿಗಳನ್ನು ನಾನು ಮುಚ್ಚಳಕ್ಕೆ ಸುರಿದೆ.
ಒಂದೊಂದು ಗಾಡಿಯ ಮೇಲೂ ಬೆರಳಿಟ್ಟು ತಿರುಗಿಸಿದಳು;
ಬೆಸುಗೆಯ ಹತ್ತಿರ ಬೆರಳು ನಿಂತಿತು, ಮತ್ತೆ ಹೊರಟಿತು.
ಗಾಡಿಯಡಿ ತೂಗುವ ಬಕೆಟ್ಟನ್ನು ಅವ್ವನಿಗೆ ತೋರಿಸಿ
ಏನೋ ಹೇಳಿದಳು, ನನಗೆ ತಿಳಿದದ್ದು ಒಂದೇ: ಪಾನಿ.
ಕರಿಬಟ್ಟೆಯೊಳಗೆ ಮಾಮ ಕೆಮ್ಮುವುದನ್ನೂ ಮರೆತ.

ಫೋಟೋದಲ್ಲಿ ಅವಳ ಬೆನ್ನು ರಾಜನಿಗೆ.
ತಿರುಗಿಸುತ್ತಿದ್ದಳಲ್ಲ, ಕುದುರೆಗಳೆಲ್ಲ ಕಲಸಿ ಬರೀ ಗೆರೆ.
ನಾಯಿ ಮಾತ್ರ ಚೆನ್ನಾಗಿ ಬಂದಿದೆ.

ಮಾರನೆಯ ದಿನ ಮಾಳದಲ್ಲಿ ಬೂದಿಯ ಏಳು ಗುರುತು.
ಪೆರುಂಬಾಡಿ ಕಡೆ ಹೋದರು ಎಂದರು ಯಾರೋ.
ಡಬ್ಬಿ ಕೊಟ್ಟು ಕಳಿಸಿದೆಯಾ ಎಂದರೆ
ಮಾಮ ಅಂದ, ಅವರದ್ದಲ್ವೇನೇ.

ಈಗ ಮಾಮ ಇಲ್ಲ. ಪರದೆಯನ್ನು ಕಾಫಿ ಮುಚ್ಚಲು ಒಯ್ದರು.
ಠಾಣೆಯ ರಿಜಿಸ್ಟರನ್ನು ಗೆದ್ದಲು ಓದಿ ಮುಗಿಸಿತು.
ಮುಚ್ಚಳ ನನ್ನಲ್ಲಿದೆ, ತುಕ್ಕು ಹಿಡಿದ ಗುಂಡುಸೂಜಿಗಳ ಸಮೇತ.
ಎಷ್ಟು ಡಬ್ಬಿಗಳಿಗೆ ಇಟ್ಟು ನೋಡಿದೆನೋ,
ಒಂದಕ್ಕೂ ಸರಿಯಾಗಿ ಕೂರುವುದಿಲ್ಲ;
ರಾಜ ಸ್ವಲ್ಪ ಅಲುಗುತ್ತಾನೆ.